ಕೈ ನಿಂತಲ್ಲಿ

ಸತ್ತವಳ ಬಾಯಿಗೆ ಹಾಕುವ ಅಕ್ಕಿಗೆಂದು ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದ ಪಕ್ಕದ ಮನೆಯ ಮುನಿತಾಯಮ್ಮನ ಬೆರಳಿಗೆ ಕಾಗದ ತಾಗಿತು. ಎಳೆದು ನೋಡಿದರೆ ಅಂಟಿಸಿದ ಲಕೋಟೆ, ಮೂಲೆಯಲ್ಲಿ ಸ್ಟಾಂಪು.

"ಅಂಜಿನಣ್ಣ, ಅಕ್ಕಿ ಒಳಗೆ ಟಪಾಲು ಇಟ್ಟಿದೀರಲ್ಲ."

ಅಂಗಳದಲ್ಲಿ ಹೆಂಡತಿಯ ತಲೆಯ ಬಳಿ ಕುಳಿತಿದ್ದ ಅಂಜಿನಯ್ಯ ಎದ್ದು ಬಂದ. ಲಕೋಟೆ ಕಂಡವನೇ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಸಿಕ್ತಲ್ಲಮ್ಮ ತುಂಗಾ," ಎಂದ ಮಗಳಿಗೆ. "ನಿನ್ನೆ ಬೆಳಿಗ್ಗೆ ಮಿಲ್ಲಿಗೆ ಹೊರಟಾಗ ಗೂಡಲ್ಲಿ ಇರ್ಲಿಲ್ಲ. ಕಳೆದುಬಿಟ್ಟೆ ಅಂತ ನಿನಗೆ ಹೇಳೋಕೆ ಭಯ ಆಯ್ತು. ಸಂಜೆ ಹೇಳಾಣ ಅಂತಿದ್ದೆ. ಅಷ್ಟ್ರಲ್ಲಿ ಇವಳು..."

ನಿನ್ನೆ ಮಧ್ಯಾಹ್ನ ಗಂಗಲಕ್ಷ್ಮಮ್ಮ ಮೊರದ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಮತ್ತೆ ಏಳಲಿಲ್ಲ.

ತುಂಗಾ ಲಕೋಟೆ ಇಸಿದುಕೊಂಡಳು. ಸೋಮವಾರ ಸಂಜೆ ಅವಳೇ ಅಂಟಿಸಿ ಅಪ್ಪನಿಗೆ ಕೊಟ್ಟದ್ದು. ವಾರಪತ್ರಿಕೆಯ ಕಥಾಸ್ಪರ್ಧೆ, ಶನಿವಾರದೊಳಗೆ ತಲುಪಬೇಕು. ಇವತ್ತು ಬುಧವಾರ.

"ಇನ್ನೂ ಹೊತ್ತು ಮೀರಿಲ್ಲ," ಎಂದ ಅಂಜಿನಯ್ಯ. "ಮಸಾಣಕ್ಕೆ ಹೋಗೋ ದಾರೀಲೇ ಪೋಸ್ಟ್ ಡಬ್ಬ ಇದೆ. ನಾನೇ ಹಾಕ್ತೀನಿ."

ತುಂಗಾ ಅಕ್ಕಿ ಡಬ್ಬದ ಕಡೆ ನೋಡಿದಳು. ಆ ಡಬ್ಬಕ್ಕೆ ಕೈ ಹಾಕುತ್ತಿದ್ದವಳು ಮನೆಯಲ್ಲಿ ಒಬ್ಬಳೇ.

*

ಗಂಗಲಕ್ಷ್ಮಮ್ಮನಿಗೆ ಓದು ಬರುತ್ತಿರಲಿಲ್ಲ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮಗಳು ಬರೆದದ್ದನ್ನು ಕೇಳುತ್ತಿದ್ದಳು. ಚೆನ್ನಾಗಿದೆ ಎಂದವಳಲ್ಲ, ಚೆನ್ನಾಗಿಲ್ಲ ಎಂದವಳೂ ಅಲ್ಲ. ಯಾವುದೋ ಒಂದು ಸಾಲಿಗೆ ಅವಳ ಕೈ ಮೊರದ ಮೇಲೆ ತಟ್ಟನೆ ನಿಂತುಬಿಡುತ್ತಿತ್ತು. ಆ ಸಾಲಿನ ಪಕ್ಕ ತುಂಗಾ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದಳು. ಹತ್ತನೇ ವಯಸ್ಸಿನಿಂದ ಹೀಗೇ. ಚುಕ್ಕೆ ಬೀಳದ ಪುಟವನ್ನು ಮತ್ತೆ ಬರೆಯುತ್ತಿದ್ದಳು.

ಸೋಮವಾರ ಕತೆಯ ಕೊನೆ ಓದಿದಳು. ಗಂಡನ ಮನೆ ಬಿಟ್ಟು ಬಂದ ಸತ್ಯವತಿಯ ಮುಂದೆ ಕೆಂಗೇರಿ ಬಸ್ಸು ಬಂದು ನಿಲ್ಲುತ್ತದೆ. ಅವಳು ಹತ್ತದೆ ಹಿಂತಿರುಗಿ, ಅತ್ತೆಯ ಕಾಲಿಗೆ ಬೀಳುತ್ತಾಳೆ. ಪತ್ರಿಕೆಯವರಿಗೆ ಇಂಥದ್ದೇ ಹಿಡಿಸುತ್ತದೆ ಎಂದು ತುಂಗಾ ನಂಬಿದ್ದಳು.

ಅಮ್ಮನ ಕೈ ಒಂದೇ ಸಮನೆ ಓಡುತ್ತಿತ್ತು.

"ನೀನು ಕೇಳ್ತಾನೇ ಇಲ್ಲ."

"ಕೇಳಿಸ್ಕೊಂಡೆ ಕಣೇ."

"ಮತ್ತೆ?"

"ಅಕ್ಕಿ ಮುಗೀತು," ಎಂದು ಅಮ್ಮ ಮೊರ ಎತ್ತಿಕೊಂಡು ಎದ್ದಳು.

ತುಂಗಾ ಸಿಟ್ಟಿನಲ್ಲೇ ಲಕೋಟೆ ಅಂಟಿಸಿದ್ದಳು.

*

"ಅದು ಸತ್ಯವತಿ ಕತೇನಾ?" ಮುನಿತಾಯಮ್ಮ ಕೇಳಿದಳು.

ತುಂಗಾ ಬೆಚ್ಚಿದಳು. "ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ನಿಮ್ಮಮ್ಮ ದಿನಾ ನಲ್ಲಿ ಹತ್ರ ಹೇಳೋಳು. ನಮ್ಮನೆ ಅಕ್ಕೀನೂ ಇಸ್ಕೊಂಡು ಆರಿಸ್ಕೊಡೋಳು. ನಿನಗ್ಯಾಕಮ್ಮ ಕಷ್ಟ ಅಂದ್ರೆ, 'ನಮ್ ತುಂಗನ ಕತೆ ಉದ್ದ, ನಮ್ಮನೆ ಅಕ್ಕಿ ಸಾಲ್ದು' ಅನ್ನೋಳು."

ಎದುರುಮನೆಯ ವತ್ಸಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹತ್ತಿರ ಸರಿದಳು. "ಸತ್ಯವತಿ ಬಸ್ ಹತ್ತಿದ್ಲೋ ಇಲ್ವೋ, ಅದೊಂದು ಹೇಳ್ಲೇ ಇಲ್ಲ ಗಂಗಕ್ಕ."

ಅಂಜಿನಯ್ಯನ ಅಕ್ಕ ಪಟಾಲಮ್ಮ ಬೆಳಿಗ್ಗೆಯಷ್ಟೇ ಊರಿಂದ ಬಂದಿದ್ದಳು. "ಯಾರೇ ಅದು ಸತ್ಯವತಿ? ನಮ್ಮೋಳಾ? ಸುದ್ದಿ ಮುಟ್ಟಿಸಿದೀರಾ?"

"ಕತೇಲಿ ಬರೋಳು ಕಣಕ್ಕ," ಎಂದ ಅಂಜಿನಯ್ಯ.

"ನಿನ್ನೆ ಬೆಳಿಗ್ಗೆ ನಾನೇ ಕೇಳ್ದೆ," ಎಂದಳು ಮುನಿತಾಯಮ್ಮ, "ಹತ್ತಿದ್ಲಾ ಅಂತ. 'ಅದ್ನ ನಮ್ ತುಂಗ ಇನ್ನೂ ಬರ್ದಿಲ್ಲ ಕಣಕ್ಕ' ಅಂದ್ಲು."

ನಿನ್ನೆ ಬೆಳಿಗ್ಗೆ. ಹಿಂದಿನ ಸಂಜೆಯೇ ಅಮ್ಮ ಕೊನೆ ಕೇಳಿದ್ದಳು. ತುಂಗಳ ಮೈ ಜುಮ್ಮೆಂದಿತು. ಆ ಕೊನೆಯನ್ನು ಅಮ್ಮ ಕೊನೆಯೆಂದೇ ಎಣಿಸಿರಲಿಲ್ಲ. ಇಂಥ ಹೊತ್ತಿನಲ್ಲಿ ಇದೆಂಥ ಸಂಭ್ರಮ ಎಂದು ನಾಚಿಕೆಯಾಯಿತು; ಆದರೂ ಅದು ನಿಲ್ಲಲಿಲ್ಲ.

"ಹತ್ತಲಿ ಬಿಡಿ," ವತ್ಸಲಾ ಹೇಳುತ್ತಿದ್ದಳು. "ಆ ಮನೇಲಿ ಏನಿದೆ ಅವಳಿಗೆ?"

"ಹತ್ತಿ? ಉಟ್ಟ ಸೀರೇಲಿ ಎಲ್ಲಿಗೆ ಹೋಗ್ತಾಳೆ?" ಎಂದಳು ಮುನಿತಾಯಮ್ಮ.

"ಕೆಂಗೇರೀಲಿ ಅವರಮ್ಮ ಇದಾಳಲ್ಲ."

"ಅಮ್ಮ ಬಾಗಿಲು ತೆಗೀಬೇಕಲ್ಲ," ಎಂದಳು ಪಟಾಲಮ್ಮ, ತಾನೂ ಆಗಲೇ ಸತ್ಯವತಿಯ ಮಾತಿಗಿಳಿದು.

"ಹೆಣ ಮುಂದಿಟ್ಕೊಂಡು ಏನ್ರಮ್ಮ ಇದು," ಎಂದು ಗದರಿದ ಅಂಜಿನಯ್ಯ, ಮಗಳ ಹತ್ತಿರ ಬಂದು ದನಿ ತಗ್ಗಿಸಿದ. "ಬಸ್ಸು ಎಷ್ಟು ಹೊತ್ತು ನಿಂತಿರತ್ತೆ ತುಂಗಾ?"

ಹೊರಗೆ ಚಟ್ಟ ಕಟ್ಟಿ ಮುಗಿದಿತ್ತು. ಅಂಜಿನಯ್ಯ ಲಕೋಟೆಗೆ ಕೈ ಚಾಚಿದ.

"ಬೇಡಪ್ಪ," ಎಂದು ತುಂಗಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನಿನ್ನೂ ಬರ್ದಿಲ್ಲ. ಶುಕ್ರವಾರ ಪತ್ರಿಕೆ ಆಫೀಸಿಗೇ ಹೋಗಿ ಕೊಟ್ಟು ಬರೋಣ."

ಅವನು ಅವಳ ಮುಖವನ್ನೇ ನೋಡಿ ತಲೆಯಾಡಿಸಿದ.

"ಹೊತ್ತಾಯ್ತು, ಅಕ್ಕಿ ಹಾಕೋರು ಬನ್ನಿ," ಎಂದು ಯಾರೋ ಹಿರಿಯರು ಕೂಗಿದರು. ಒಬ್ಬೊಬ್ಬರಾಗಿ ಹಾಕಿ ಸರಿದರು. ತುಂಗಾ ಮೊರದಿಂದ ಒಂದು ಹಿಡಿ ತೆಗೆದುಕೊಂಡು ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಹರಡಿದಳು. ಒಂದು ಕಲ್ಲಿತ್ತು. ಅದನ್ನು ಹೆಕ್ಕಿ ಬಿಸುಟು, ಅಮ್ಮನ ಮುಖದ ಮೇಲೆ ಬಾಗಿದಳು.

ಕಂಡಕ್ಟರ್ ಗಂಟೆಯ ಹಗ್ಗಕ್ಕೆ ಕೈ ಎತ್ತಿದ್ದಾನೆ. ಸತ್ಯವತಿಯ ಒಂದು ಕಾಲು ಮೆಟ್ಟಿಲ ಮೇಲಿದೆ. ಅವಳು ಏನೋ ಹೇಳುತ್ತಿದ್ದಾಳೆ.

"ಹಾಕಮ್ಮ, ಹಾಕು," ಎಂದರು ಹಿಂದಿನಿಂದ.

ಅಕ್ಕಿ ಹಿಡಿದ ತುಂಗಳ ಕೈ ಅಮ್ಮನ ತುಟಿಯ ಮೇಲೆ ತಟ್ಟನೆ ನಿಂತುಬಿಟ್ಟಿತ್ತು.