ಟವೆಲ್ ಮೇಲಿನ ಹದಿನಾಲ್ಕು ಸ್ಕ್ರೂ

ಶನಿವಾರದ ರಿಪೇರಿ ಶಾಲೆಗೆ ನಾನು ಹೋಗಲು ಶುರುಮಾಡಿ ಮೂರು ವಾರವಾಗಿತ್ತು. ಮೂರು ವಾರವೂ ನಾನು ಮಾಡಿದ್ದು ಕಸ ಗುಡಿಸುವುದೊಂದೇ. ಯಾರೂ ಗುಡಿಸು ಎಂದಿರಲಿಲ್ಲ. ಮೊದಲ ದಿನ ಬಾಗಿಲಲ್ಲಿ ನಿಂತಾಗ ಎಲ್ಲರೂ ನಗುಮುಖದಿಂದ ಬನ್ನಿ ಬನ್ನಿ ಎಂದು ಕರೆದು, ಮತ್ತೆ ತಮ್ಮ ತಮ್ಮ ಕೆಲಸಕ್ಕೆ ತಲೆ ಬಗ್ಗಿಸಿದ್ದರು. ಸುಮ್ಮನೆ ನಿಲ್ಲಲು ಸಂಕೋಚವಾಗಿ ಮೂಲೆಯಲ್ಲಿದ್ದ ಪೊರಕೆ ಕೈಗೆ ತೆಗೆದುಕೊಂಡೆ. ಅಲ್ಲಿಂದಾಚೆಗೆ ಅದು ನನ್ನದೇ ಎನ್ನುವಂತಾಯಿತು.

ಅದೊಂದು ಹಳೆಯ ಗೋದಾಮು. ಸಂಬಳವಿಲ್ಲದೆ ದುಡಿಯುವ ಏಳೆಂಟು ಜನ ಅಲ್ಲಿ ಸೇರಿ, ಸುತ್ತಲಿನವರು ತರುವ ಕಾಲು ಮುರಿದ ಕುರ್ಚಿ, ತಿರುಗದ ಫ್ಯಾನುಗಳನ್ನು ಸರಿಮಾಡಿಕೊಡುತ್ತಾರೆ. ಕಲಿಯುವ ಆಸೆಯಿದ್ದವರೂ ಬರಬಹುದು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದನ್ನು ನಂಬಿಯೇ ನಾನು ಬಂದದ್ದು. ಒಳಗೆ ಗೋಡೆಯ ಹಲಗೆಯ ಮೇಲೆ ಸುತ್ತಿಗೆ, ಇಕ್ಕಳ, ಗರಗಸ ಒಂದೊಂದರ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಯಾವುದು ಎಲ್ಲಿಗೆ ಸೇರಬೇಕೆಂದು ಮಗುವಿಗೂ ತಿಳಿಯುತ್ತಿತ್ತು. ನಾನು ಎಲ್ಲಿಗೆ ಸೇರಬೇಕೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಮನೆಯಲ್ಲಿ ಅತ್ತೆ, "ಅಲ್ಲಿಗೆ ಹೋಗಿ ಗುಡಿಸೋದಾದ್ರೆ ನಮ್ಮ ಹಿತ್ತಿಲು ಏನು ಪಾಪ ಮಾಡಿತ್ತಮ್ಮ?" ಎಂದಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾಲ್ಕನೆಯ ಶನಿವಾರವೂ ಪೊರಕೆಯೇ ಗತಿಯಾದರೆ ಇನ್ನು ಹೋಗುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಎರಡು ದಿನ ಊಟ ರುಚಿಸಲಿಲ್ಲ.

ನಾಲ್ಕನೆಯ ಶನಿವಾರ ಮಧ್ಯಾಹ್ನ ಎಲ್ಲರೂ ಟೀ ಕುಡಿಯಲು ಹೊರಗೆ ಹೋದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು, ಅಲ್ಲಿ ಎಲ್ಲರಿಗೂ ಅವರು ಮಾವ. ಅವರ ಮೇಜಿನ ಮೇಲೆ ಒಂದು ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿತ್ತು. ಪಕ್ಕದಲ್ಲಿ ಹಳೆಯ ಟವೆಲ್ ಮೇಲೆ ಹದಿನಾಲ್ಕು ಸ್ಕ್ರೂ: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಉದ್ದ, ತಲೆಬುಡವಿಲ್ಲದ ಸಾಲು. ನಾನು ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತ್ರೆಗಳನ್ನು ವಿಂಗಡಿಸಿಡುವವಳು. ಕೈ ಸುಮ್ಮನಿರಲಿಲ್ಲ. ಕಪಾಟಿನಲ್ಲಿ ಸ್ಕ್ರೂ ತುಂಬಿದ ನಾಲ್ಕು ಗಾಜಿನ ಡಬ್ಬಿಗಳಿದ್ದವು. ಅಳತೆ ನೋಡಿ ಹದಿನಾಲ್ಕನ್ನೂ ಅವುಗಳಿಗೆ ಹಾಕಿದೆ. ಟವೆಲ್ ಕೊಡವಿ ಮಡಿಸಿಟ್ಟೆ. ಕೊನೆಗೂ ಒಂದು ಉಪಯೋಗದ ಕೆಲಸ ಮಾಡಿದೆನೆಂದು ಖುಷಿಯೂ ಆಯಿತು.

ಮಾವ ಬಂದು, ಸ್ಕ್ರೂಗಳಿದ್ದ ಜಾಗ ಬರಿದಾಗಿರುವುದನ್ನು ನೋಡುತ್ತ ನಿಂತರು. ಅವರ ಮುಖ ನೋಡಿದ್ದೇ ಏನೋ ತಪ್ಪು ಮಾಡಿದ್ದೇನೆಂದು ಗೊತ್ತಾಯಿತು. ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು.

"ನಾನೇ ಎತ್ತಿಟ್ಟೆ, ಮಾವ," ಎಂದೆ.

ಅವರು ರೇಗಲಿಲ್ಲ. ಸ್ಕ್ರೂಗಳನ್ನು ತಾವು ಬಿಚ್ಚಿದ ಸಾಲಿನಲ್ಲೇ ಇಟ್ಟಿದ್ದಾಗಿಯೂ, ಕೊನೆಗೆ ಬಿಚ್ಚಿದ್ದನ್ನು ಮೊದಲು ಹಾಕುತ್ತ ಬಂದರೆ ಯಂತ್ರ ತಾನಾಗಿ ಕೂಡಿಕೊಳ್ಳುತ್ತದೆಂದೂ ಹೇಳಿದರು. ಅದರ ಒಡತಿ, ಶಾಲೆ ಮಕ್ಕಳ ಬಟ್ಟೆ ಹೊಲಿಯುವಾಕೆ, ಸಂಜೆ ಐದಕ್ಕೆ ಬರುವವಳಿದ್ದಳು.

ಟೀ ಮುಗಿಸಿ ಬಂದು ಕುರ್ಚಿಯ ಕಾಲು ಉಜ್ಜುತ್ತಿದ್ದ ಬಡಗಿ ಅಕ್ಕ ತಲೆಯೆತ್ತದೆ, "ಹೊಸದ್ರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ," ಎಂದಳು.

ನನಗೆ ಅಳು ಬಂದಿತ್ತು. ಕಣ್ಣೊರೆಸಲು ಕೈ ಎತ್ತಿದಾಗ ಬೆರಳ ತುದಿಯ ಕರಿ ಎಣ್ಣೆ ಕಂಡಿತು. ಯಂತ್ರದ ಸ್ಕ್ರೂಗಳಿಗೆ ಎಣ್ಣೆಯಿತ್ತು, ಡಬ್ಬಿಯವು ಒಣಗಿದ್ದವು. ಒರೆಸಿ ಹಾಕದೇ ಇದ್ದದ್ದು ನನ್ನ ಪುಣ್ಯ. ಹಳೆಯ ಪೇಪರ್ ಹಾಸಿ ನಾಲ್ಕು ಡಬ್ಬಿಗಳನ್ನೂ ಸುರಿದು, ಒಂದೊಂದನ್ನೇ ಪೇಪರ್ ಮೇಲೆ ಒತ್ತಿ ನೋಡಿದೆ. ಕಲೆ ಬಿಟ್ಟದ್ದನ್ನು ಪಕ್ಕಕ್ಕಿಟ್ಟೆ. ಬಡಗಿ ಅಕ್ಕನೂ ಉಜ್ಜುವುದನ್ನು ಬಿಟ್ಟು ಬಂದು ಕೂತಳು. ಒಂದು ಗಂಟೆಯಲ್ಲಿ ಹದಿನಾಲ್ಕೂ ಸಿಕ್ಕವು.

ಯಾವುದು ಯಾವ ತೂತಿಗೆ ಎಂಬುದು ಉಳಿಯಿತು. ಮಾವ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು.

"ಬಲವಂತ ಮಾಡ್ಬೇಡ, ತಾಯಿ. ಅದರ ಜಾಗ ಅದೇ ಆದ್ರೆ ಬೆರಳಲ್ಲೇ ಒಳಗೆ ಹೋಗುತ್ತೆ."

ನಾನು ತಪ್ಪು ತೂತಿಗೆ ಹಾಕಿ ತೆಗೆದು, ಮತ್ತೊಂದಕ್ಕೆ ಹಾಕುತ್ತಿದ್ದಂತೆ, ಸೂಜಿಯ ಕಂಬ ಎಲ್ಲಿ ಕೂರುತ್ತದೆ, ದಾರ ಸುತ್ತಿದ ಬಾಬಿನ್ ಎಲ್ಲಿ ತಿರುಗುತ್ತದೆ ಎಂದೆಲ್ಲ ಅವರು ಹೇಳುತ್ತ ಹೋದರು. ಸರಿಯಾದ ಸಾಲಿನಲ್ಲಿ ಜೋಡಿಸಿದ್ದರೆ ಅಷ್ಟನ್ನು ನಾನು ಕಲಿಯುತ್ತಲೇ ಇರಲಿಲ್ಲವೇನೋ.

ನಡುವೆ ಮಾವ, ಇಲ್ಲಿಯ ಪದ್ಧತಿಯನ್ನು ನನಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಇಲ್ಲವೆಂದೆ.

"ನೀವು ಹೇಳಿರ್ತೀರಿ ಅಂದ್ಕೊಂಡೆ," ಎಂದಳು ಬಡಗಿ ಅಕ್ಕ.

"ನೀನು ಹೇಳಿರ್ತೀಯ ಅಂತ ನಾನು," ಎಂದರು ಮಾವ. "ಗುಡಿಸೋದೇ ಇವಳಿಗೆ ಇಷ್ಟ ಅಂತ ಬೇರೆ ಅಂದ್ಕೊಂಡಿದ್ವಿ."

ಐದಕ್ಕೆ ಬಂದ ಒಡತಿ ಒಂದು ಚೂರು ಬಟ್ಟೆ ಇಟ್ಟು ಕೈಚಕ್ರ ತಿರುಗಿಸಿದಳು. ಹೊಲಿಗೆ ನೆಟ್ಟಗೆ ಓಡಿತು. ಮಾವ ನನ್ನ ಕಡೆ ಕೈ ತೋರಿಸಿ, ಜೋಡಿಸಿದ್ದು ಈಕೆ ಎಂದರು. ಆಕೆ ಆ ಚೂರನ್ನು ನನಗೇ ಕೊಟ್ಟು ಹೋದಳು. ಅತ್ತೆಗೆ ತೋರಿಸಿದಾಗ, ಅಡುಗೆಮನೆಯ ಮಸಿಬಟ್ಟೆಗೆ ಆದೀತು ಎಂದರು. ಆದರೂ ತಿರುಗಿಸಿ ತಿರುಗಿಸಿ ನೋಡಿದರು.

ಮುಂದಿನ ಶನಿವಾರ ಟೇಬಲ್ ಫ್ಯಾನೊಂದನ್ನು ಅವುಚಿಕೊಂಡು ಒಬ್ಬ ಗಂಡಸು ಬಾಗಿಲಲ್ಲಿ ಚೀಟಿ ಓದುತ್ತ ನಿಂತಿದ್ದ. ಎಲ್ಲರೂ ಬನ್ನಿ ಬನ್ನಿ ಎಂದು ಮತ್ತೆ ತಲೆ ಬಗ್ಗಿಸಿದರು. ಅವನು ಫ್ಯಾನನ್ನು ಕೆಳಗಿಟ್ಟು, ಗೋಡೆ ನೋಡಿ, ಮೂಲೆ ನೋಡಿ, ಮೆಲ್ಲಗೆ ಪೊರಕೆಯ ಕಡೆ ಹೊರಟ. ನಾನು ಬೇಗ ಎದ್ದು ಹೋಗಿ ಪೊರಕೆಯನ್ನು ಹಿಡಿದುಕೊಂಡೆ.

"ಇದು ಆಮೇಲೆ, ಅಣ್ಣ," ಎಂದೆ. "ಮೊದಲು ಇಲ್ಲಿ ಬನ್ನಿ. ಟವೆಲ್ ಮೇಲೆ ಇರೋದನ್ನ ಯಾಕೆ ಮುಟ್ಟಬಾರದು ಅಂತ ಹೇಳ್ತೀನಿ."

"ಅದನ್ನ ಅವಳ ಬಾಯಲ್ಲೇ ಕೇಳ್ಬೇಕು," ಎಂದಳು ಬಡಗಿ ಅಕ್ಕ ತಲೆಯೆತ್ತದೆ.