ವಾಲ್ಟರನ ತೋಳಿನ ಅಳತೆ

ಇನ್ವರ್‌ಕ್ರೇಗ್ ಗಾಲ್ಫ್ ಕ್ಲಬ್ಬಿನ ಅಂಗಡಿಗೆ ಈಗೀಗ ಜನ ಬರುವುದು ಕೊಳ್ಳುವುದಕ್ಕಲ್ಲ, ಬೇರೆ ಕಡೆ ಕೊಂಡದ್ದನ್ನು ಒಯ್ಯುವುದಕ್ಕೆ. ಅಂಗಿ, ಟೋಪಿ, ಮಳೆಕೋಟು ಏನು ಬೇಕಾದರೂ ಫೋನಿನಲ್ಲೇ ನೋಡಿ ನೇರವಾಗಿ ಕಂಪನಿಯಿಂದ ತರಿಸಿಕೊಳ್ಳುತ್ತಾರೆ. ಹಗಲು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲವಲ್ಲ, ಅದಕ್ಕೆ ವಿಳಾಸ ಮಾತ್ರ ಫರ್ಗಸ್ ರೆನ್ನಿಯ ಅಂಗಡಿಯದು. ಬಟ್ಟೆ ಮಾರುವವನ ಕೈಯಲ್ಲೇ ಬೇರೆಯವರ ಬಟ್ಟೆ ಕಾಯಿಸುವುದಕ್ಕೆ ಎಂಥ ದಪ್ಪ ಚರ್ಮ ಬೇಕು ಹೇಳಿ. ನಮ್ಮೂರಿನವರಿಗೆ ಅದಕ್ಕೇನೂ ಕೊರತೆಯಿಲ್ಲ.

ಫರ್ಗಸ್ ಕ್ಲಬ್ಬಿನಲ್ಲಿ ಆಟ ಕಲಿಸುವವನು, ಹಾಗಾಗಿ ಊರಿಗೆಲ್ಲ ಮೇಷ್ಟ್ರು. ಅಂಗಡಿಯೂ ಅವನದೇ.

“ಮೇಷ್ಟ್ರೇ, ಇವತ್ತು ನಿಮ್ಮ ಗಿರಾಕಿಗಳಿಗೆ ಹಬ್ಬ!” ಎನ್ನುತ್ತ ಪಾರ್ಸೆಲ್ ವ್ಯಾನಿನ ಮೋರಾಗ್ ಪೊಟ್ಟಣಗಳನ್ನು ಕೌಂಟರಿನ ಮೇಲೆ ಸುರಿಯುತ್ತಿದ್ದಳು. “ನನ್ನ ಕೇಳಿದ್ರೆ ಎಲ್ಲಾನೂ ಎತ್ತಿ ಸಮುದ್ರಕ್ಕೆ ಬಿಸಾಕಿ, ಬಂದೇ ಇಲ್ಲ ಅಂದ್ಬಿಡಿ. ನಾನಂತೂ ಬಾಯಿ ಬಿಡಲ್ಲ.”

“ಇರ್ಲಿ ಬಿಡಮ್ಮ,” ಎನ್ನುತ್ತಿದ್ದ ಫರ್ಗಸ್.

ಸಿಟ್ಟು ಬರಬೇಕಿತ್ತು. ಬರುತ್ತಿರಲಿಲ್ಲ. ಜನವರಿಯಲ್ಲಿ ಹೆಂಡತಿ ಎಲ್ಸ್‌ಪೆತ್ ತೀರಿಕೊಂಡ ಮೇಲೆ ಅವನಿಗೆ ಸಿಟ್ಟೂ ಇಲ್ಲ, ಅಳುವೂ ಇಲ್ಲ. ಅವಳನ್ನು ಮಣ್ಣು ಮಾಡಿದ ದಿನ ಬಂದವರನ್ನೆಲ್ಲ ಟೀ ಆಯಿತೇ, ಸ್ಯಾಂಡ್‌ವಿಚ್ ಸಿಕ್ಕಿತೇ ಎಂದು ವಿಚಾರಿಸುತ್ತ ಓಡಾಡಿದ. ಗಟ್ಟಿ ಮನುಷ್ಯ ಎಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ. ಬೆಳಗ್ಗೆ ಎದ್ದು ಅಂಗಡಿ ತೆರೆಯುತ್ತಿದ್ದ, ಸಂಜೆ ಮುಚ್ಚುತ್ತಿದ್ದ, ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದ.

ಅಂಗಡಿಯ ಬಟ್ಟೆಯ ಕಾರುಬಾರೆಲ್ಲ ಎಲ್ಸ್‌ಪೆತ್‌ಳದು. ಕಿಟಕಿಯ ಪಕ್ಕ ಬಟ್ಟೆ ನೇತುಹಾಕುವ ಉದ್ದದ ಸರಳು ಬರಿದಾಗಿದ್ದರೆ ಅವಳ ಜೀವಕ್ಕೆ ಸಮಾಧಾನವಿರುತ್ತಿರಲಿಲ್ಲ. ಈ ವರ್ಷ ಬಟ್ಟೆ ಕಂಪನಿಯವರು, ಇನ್ನು ಮೇಲೆ ಸಣ್ಣ ಅಂಗಡಿಗಳಿಗೆ ಸರಕು ಕೊಡುವುದಿಲ್ಲ, ಬೇಕಾದವರು ನೇರವಾಗಿ ನಮ್ಮಿಂದಲೇ ಕೊಳ್ಳಲಿ ಎಂದು ಕೈ ತೊಳೆದುಕೊಂಡರು. ಫರ್ಗಸ್ ಏನು ಮಾಡಿದ ಗೊತ್ತೇ? ತಾನೂ ಎಲ್ಲರಂತೆ ಫೋನಿನಲ್ಲಿ ಆರ್ಡರ್ ಮಾಡಿದ. ಎಲ್ಲರೂ ಕೊಡುವ ಬೆಲೆಯನ್ನೇ ಕೊಟ್ಟು ತರಿಸಿ, ಒಳಗಿದ್ದ ‘ನಮ್ಮನ್ನು ಆರಿಸಿಕೊಂಡಿರಿ, ಧನ್ಯವಾದ’ ಎಂಬ ಚೀಟಿಯನ್ನು ಕಸಕ್ಕೆ ಹಾಕಿ, ಇಸ್ತ್ರಿ ಮಾಡಿ, ಅದೇ ಬೆಲೆಗೆ ಸರಳಿಗೆ ನೇತುಹಾಕಿದ. ಇದೆಂಥ ವ್ಯಾಪಾರ ಮಾರಾಯ ಎಂದು ಯಾರಾದರೂ ಕೇಳಬಹುದಿತ್ತು. ಅವನಿಗೆ ಬೇಕಾದದ್ದು ಲಾಭವಲ್ಲ. ಸರಳು ತುಂಬಿರಬೇಕಿತ್ತು.

ಆ ಸರಳಿನ ತುದಿಯಲ್ಲಿದ್ದ ಕಡುಹಸಿರು ಸ್ವೆಟರ್ ಮಾತ್ರ ಹಳೆಯ ಸರಕು. ಅದು ವಾಲ್ಟರ್ ಕಿನ್ನಿಯರನಿಗೆ ಸೇರಬೇಕಾದದ್ದು, ಮತ್ತು ಆ ಸಂಗತಿ ವಾಲ್ಟರನಿಗೇ ಗೊತ್ತಿರಲಿಲ್ಲ.

ವಾಲ್ಟರ್ ಊರಿನಲ್ಲಿ ಮಾಂಸದಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವನು. ಫರ್ಗಸ್, ಎಲ್ಸ್‌ಪೆತ್ ಇಬ್ಬರಿಗೂ ಶಾಲೆಯ ಗೆಳೆಯ. ಎದೆ, ಹೊಟ್ಟೆ ಎಲ್ಲರಂತೆಯೇ, ತೋಳು ಮಾತ್ರ ಗಿಡ್ಡ. ಶಾಲೆಯಲ್ಲಿ ಹುಡುಗರು ಪೆಂಗ್ವಿನ್ ಎಂದು ಕರೆದು ಅಳಿಸುತ್ತಿದ್ದರು. ಎಲ್ಸ್‌ಪೆತ್ ಅದನ್ನು ಮರೆತಿರಲಿಲ್ಲ. ಅಂಗಡಿ ಹಿಡಿದಂದಿನಿಂದ ವಾಲ್ಟರ್ ಕೊಳ್ಳಬಹುದಾದ ಪ್ರತಿ ಸ್ವೆಟರಿನ, ಕೋಟಿನ ಕೈಪಟ್ಟಿ ಬಿಚ್ಚಿ, ತೋಳು ಕುಗ್ಗಿಸಿ, ಮತ್ತೆ ಪಟ್ಟಿ ಜೋಡಿಸಿ, ಏನೂ ಆಗದವಳಂತೆ ಸರಳಿಗೆ ಸಿಕ್ಕಿಸುತ್ತಿದ್ದಳು. ವಾಲ್ಟರ್ ಬಂದು ತೊಟ್ಟು, ಕನ್ನಡಿ ಮುಂದೆ ಬೀಗುತ್ತಿದ್ದ. “ನಾನು ಹುಟ್ಟಾ ಮೀಡಿಯಂ ಸೈಜು ಕಣಯ್ಯಾ! ಏನು ತೊಟ್ರೂ ನನಗೇ ಅಂತ ಹೊಲಿದ ಹಾಗಿರುತ್ತೆ.”

ಎಲ್ಸ್‌ಪೆತ್ ಕೌಂಟರಿನ ಹಿಂದೆ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

ಡಿಸೆಂಬರಿನಲ್ಲಿ ದಿಂಬಿಗೆ ಒರಗಿಕೊಂಡು ಅವಳು ಹೊಲಿದ ಕೊನೆಯ ಬಟ್ಟೆ ಆ ಹಸಿರು ಸ್ವೆಟರ್. “ಚಳಿ ಮುಗಿದ ಮೇಲೆ ವಾಲ್ಟರ್ ಬರ್ತಾನೆ,” ಎಂದಿದ್ದಳು. “ಬೇರೆ ಯಾರಿಗೂ ಕೊಟ್ಬಿಡ್ಬೇಡಿ. ನೀವಾಗೇ ಕೊಡೋಕೂ ಹೋಗ್ಬೇಡಿ, ಅವನಿಗೆ ಅನುಮಾನ ಬರುತ್ತೆ. ತೋಳಿನ ವಿಷಯ ಅವನಿಗೆ ಗೊತ್ತಾಗ್ಲೇಬಾರ್ದು ರೀ, ನನ್ನಾಣೆ.” ಹಾಗಾಗಿ ಫರ್ಗಸ್ ಕಾಯುತ್ತಿದ್ದ. ಅವನು ಆಗ ಕಾಯುತ್ತಿದ್ದದ್ದು ಅದೊಂದಕ್ಕೇ.

ಏಪ್ರಿಲ್‌ನಲ್ಲಿ ವಾಲ್ಟರ್ ಬಂದ. ಸರಳಿನ ಉದ್ದಕ್ಕೂ ಕೈಯಾಡಿಸಿ, ನೆಟ್ಟಗೆ ಹಸಿರಿಗೇ ಹೋಗಿ ತೊಟ್ಟ. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು.

“ನೋಡ್ದಾ? ಮೀಡಿಯಂ!”

“ನೋಡ್ದೆ,” ಎಂದ ಫರ್ಗಸ್.

ಆಮೇಲೆ ವಾಲ್ಟರ್ ಅದನ್ನು ಬಿಚ್ಚಿ, ಹ್ಯಾಂಗರಿಗೆ ಹಾಕಿ, ಕತ್ತಿನ ಚೀಟಿಯ ಫೋಟೋ ತೆಗೆದುಕೊಂಡ. “ಮನೆಯವಳಿಗೆ ಬಣ್ಣ ತೋರಿಸಿ ಬರ್ತೀನಿ,” ಎನ್ನುವಾಗ ಕಣ್ಣು ಬೇರೆ ಕಡೆ ಇತ್ತು. ಫೋಟೋ ತೆಗೆದವರು ಯಾರೂ ವಾಪಸು ಬರುವುದಿಲ್ಲ ಎಂಬುದು ಫರ್ಗಸನಿಗೆ ಗೊತ್ತಿತ್ತು. ಆದರೂ ವಾಲ್ಟರ್ ಅಲ್ಲವೇ ಎಂದುಕೊಂಡ.

ಮರುವಾರ ಮೋರಾಗ್ ಸುರಿದ ಪೊಟ್ಟಣಗಳಲ್ಲಿ ಒಂದರ ಮೇಲೆ ಕಿನ್ನಿಯರ್ ಎಂದಿತ್ತು. ಫರ್ಗಸ್ ಅದನ್ನು ಬೇರೆಯವುಗಳ ಜೊತೆ ಕೌಂಟರಿನ ಕೆಳಗಿಟ್ಟ. ನೋಯಬೇಕಾದ ಜಾಗ ಎಲ್ಲಿದೆ ಎಂದು ಗೊತ್ತಿತ್ತು. ನೋಯಲಿಲ್ಲ.

ಮಧ್ಯಾಹ್ನ ವಾಲ್ಟರ್ ಬಂದ. ಮುಖ ಸಣ್ಣಗಾಗಿತ್ತು.

“ಮಗಳ ಕೆಲಸ ಕಣಯ್ಯಾ. ನಾನು ಬೇಡ ಅಂದೆ. ಆ ಫೋನಿನಲ್ಲಿ ಏನೋ ಒತ್ತಿಬಿಟ್ಲು.”

“ಇರ್ಲಿ. ಹಾಕ್ಕೊಂಡು ನೋಡು.”

ತೊಟ್ಟ. ತೋಳು ಬೆರಳುಗಳನ್ನೂ ನುಂಗಿ ಕೆಳಗೆ ಜೋತುಬಿತ್ತು. ವಾಲ್ಟರ್ ಕನ್ನಡಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ ನೋಡಿದ. “ಥೂ! ಏನ್ ಹೊಲಿದಿದ್ದಾರಯ್ಯ ಇವ್ರು? ಇದು ಮೀಡಿಯಂ ಅಲ್ಲ, ಗೊರಿಲ್ಲಾಗೆ ಹೊಲಿದಿದ್ದು. ವಾಪಸ್ ಕಳಿಸ್ತೀನಿ!”

ಫರ್ಗಸ್ ಸರಳಿನ ತುದಿಗೆ ಹೋಗಿ ಹಸಿರು ಸ್ವೆಟರ್ ತಂದು ಅವನ ಮುಂದಿಟ್ಟ. “ಇದನ್ನ ತಗೊಂಡು ಹೋಗು. ಅದು ಇಲ್ಲೇ ಇರ್ಲಿ. ಲೆಕ್ಕ ಸರಿಹೋಯ್ತು.”

ವಾಲ್ಟರನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅಲ್ಲೇ ತೊಟ್ಟು, ತೋಳು ಚಾಚಿ ಮಡಚಿ ನೋಡಿಕೊಂಡ. “ನಿನ್ನಾಣೆ ಫರ್ಗಸ್, ಇನ್ಮೇಲೆ ಆ ಫೋನಿನ ಸಹವಾಸವೇ ಬೇಡ. ನಿನ್ನ ಅಂಗಡಿ ಮಾಲು ಮಾತ್ರ ನನಗೆ ಸರಿಹೋಗೋದು. ಚಳಿಗಾಲಕ್ಕೆ ಇಂಥದ್ದೇ ಒಂದು ನೀಲಿ ತರಿಸಿಡು, ಆಯ್ತಾ?”

“ಆಯ್ತು,” ಎಂದ ಫರ್ಗಸ್.

ವಾಲ್ಟರ್ ಗಾಲ್ಫ್ ಕೋಲುಗಳ ಚೀಲ ಹೆಗಲಿಗೇರಿಸಿ ಶಿಳ್ಳೆ ಹಾಕುತ್ತ ಹೊರಗೆ ಹೋದ. ಎಲ್ಸ್‌ಪೆತ್ ಹೇಳಿದ್ದು ನಡೆಯಿತು. ಕಾಯುವುದಕ್ಕೆ ಇನ್ನೇನೂ ಉಳಿಯಲಿಲ್ಲ.

ಉದ್ದ ತೋಳಿನ ಸ್ವೆಟರ್ ಕೌಂಟರಿನ ಮೇಲೆ ಬಿದ್ದಿತ್ತು. ನೀಲಿ ಎಂದನಲ್ಲ, ಅದನ್ನು ಗಿಡ್ಡ ಮಾಡುವವರು ಯಾರು? ತಾನೇ ಕಲಿತರಾಯಿತು, ಇದರ ಮೇಲೇ ಕೈ ಪಳಗಿಸಿಕೊಂಡರಾಯಿತು ಎಂದು ಒಳಗಿನಿಂದ ಅವಳ ಹೊಲಿಗೆ ಡಬ್ಬಿ ತಂದ. ಸಣ್ಣ ಕತ್ತರಿ ತೆಗೆದ. ಟೇಪು ಬಿಚ್ಚಿದ. ಎಷ್ಟು ಕುಗ್ಗಿಸಬೇಕು? ಅವಳು ಎಂದೂ ಹೇಳಿರಲಿಲ್ಲ, ಇವನು ಎಂದೂ ಕೇಳಿರಲಿಲ್ಲ. ಅವಳದ್ದೆಲ್ಲ ಕಣ್ಣಳತೆ. ಆ ಅಳತೆ ಉಳಿದಿದ್ದದ್ದು ಹಸಿರು ಸ್ವೆಟರಿನಲ್ಲಿ, ಅದನ್ನು ಇವನೇ ಕೈಯಾರೆ ಕೊಟ್ಟು ಕಳಿಸಿದ್ದ.

ಆಗ ಅವನಿಗೆ ಭಯವಾಯಿತು. ಜನವರಿಯಿಂದ ಈಚೆಗೆ ಮೊದಲ ಸಲ ಏನೋ ಒಂದು ಆಯಿತು. ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ, ಅಂಗಡಿಯ ಬಾಗಿಲು ತೆರೆದಿಟ್ಟು, ಹೊರಗೆ ಓಡಿದ.

ವಾಲ್ಟರ್ ಮೊದಲ ಹೊಡೆತಕ್ಕೆ ಚೆಂಡಿಟ್ಟು ನಿಂತಿದ್ದ.

“ವಾಲ್ಟರ್! ಒಂದ್ನಿಮಿಷ ನಿಲ್ಲು!”

“ಯಾಕಯ್ಯಾ? ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ?”

“ನಿನ್ನ ತೋಳು ಗಿಡ್ಡ.”

“ಏನಂದೆ?”

“ತೋಳು ಗಿಡ್ಡ ಕಣೋ ನಿಂದು. ಕಂಪನಿಯವ್ರದ್ದೇನೂ ತಪ್ಪಿಲ್ಲ. ಅವಳು ಸರಿಮಾಡಿ ಇಡ್ತಿದ್ಲು. ನಿನಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ಲು, ನಾನು ಮುರಿದೆ. ಕೈಪಟ್ಟಿ ತಿರುಗಿಸಿ ನೋಡು.”

ವಾಲ್ಟರನ ಕುತ್ತಿಗೆ ಕೆಂಪಾಯಿತು. ಜಗಳಕ್ಕೇ ನಿಲ್ಲುತ್ತಾನೆ ಎನ್ನಿಸಿತು. ಆದರೆ ಅವನು ಕೋಲನ್ನು ಹುಲ್ಲಿನ ಮೇಲೆ ಬಿಟ್ಟು ಕೈಪಟ್ಟಿ ತಿರುಗಿಸಿದ. ಒಳಗೆ ಸುತ್ತಲೂ ಸಣ್ಣ ಹೊಲಿಗೆ, ದಾರದ ಹಸಿರು ಉಣ್ಣೆಯ ಹಸಿರಿಗಿಂತ ತುಸು ತಿಳಿ. ಹೆಬ್ಬೆರಳಿನಿಂದ ಒಂದು ಸುತ್ತು ಸವರಿ ನೋಡಿದ.

“ಎಲ್ಲಾನೂವೇ?”

“ಎಲ್ಲಾನೂ.”

“ಮಗಳ ಮದುವೇಲಿ ಹಾಕ್ಕೊಂಡಿದ್ದೆನಲ್ಲ, ಆ ಕಪ್ಪು ಕೋಟು?”

“ಅದೂನೂ.”

ಗಾಳಿ ಜೋರಾಗಿತ್ತು. ವಾಲ್ಟರ್ ಸಮುದ್ರದ ಕಡೆ ಮುಖ ಮಾಡಿ ನಿಂತ. “ಅವಳ ಮಣ್ಣಿಗೂ ಅದನ್ನೇ ಹಾಕ್ಕೊಂಡು ಬಂದಿದ್ದೆ,” ಎಂದ ಕೊನೆಗೆ.

ತಿರುಗಿ ಫರ್ಗಸನ ಕೈಯಲ್ಲಿದ್ದ ಟೇಪನ್ನು ನೋಡಿದ. ಆಮೇಲೆ ಇಡೀ ಮೈದಾನ ನೋಡುತ್ತಿದ್ದರೂ ಲೆಕ್ಕಿಸದೆ, ದರ್ಜಿಯ ಮುಂದೆ ನಿಲ್ಲುವ ಹಾಗೆ ಎರಡೂ ತೋಳು ಚಾಚಿ ನಿಂತ. “ಅಳೆದುಕೋ. ಬೇಗ ಮುಗಿಸು, ಪೆಂಗ್ವಿನ್ ಅಂತ ಮತ್ತೆ ಶುರು ಹಚ್ಕೊಂಡಾರು.”

ಫರ್ಗಸ್ ಟೇಪಿನ ತುದಿಯನ್ನು ಅವನ ಭುಜಕ್ಕೆ ಒತ್ತಿ ಹಿಡಿದು, ಮಣಿಕಟ್ಟಿನವರೆಗೆ ಎಳೆದ. ಅಂಕೆಯ ಮೇಲೆ ಬಗ್ಗಿದ.

“ಎಷ್ಟಿದೆ?” ಎಂದ ವಾಲ್ಟರ್.

“ಕಾಣಿಸ್ತಿಲ್ಲ ಕಣೋ,” ಎಂದ ಫರ್ಗಸ್. ಅವನ ಕಣ್ಣಿಂದ ನೀರು ಇಳಿದು ಹಸಿರು ತೋಳಿನ ಮೇಲೆ ಬೀಳುತ್ತಿತ್ತು, ಅಳು ತಡೆಯಲಾಗುತ್ತಿರಲಿಲ್ಲ.

“ನಿಧಾನಕ್ಕೆ ನೋಡು,” ಎಂದ ವಾಲ್ಟರ್. ಹಿಂದೆ ಆಟಕ್ಕೆ ಬಂದವರು ಕಾಯುತ್ತಿದ್ದರು. ಅವನು ತೋಳು ಇಳಿಸಲಿಲ್ಲ.