ನಾಲ್ಕು ಸ್ಕ್ರೂ, ಹನ್ನೊಂದು ನಿಮಿಷ

ನಾನು ಒಂದು ಹಾರ್ಡ್ ಡಿಸ್ಕು. ಅಂಗೈಗಿಂತ ತುಸು ದೊಡ್ಡದಾದ, ಕೈಗೆ ಭಾರವೆನಿಸುವ ಲೋಹದ ಡಬ್ಬಿ. ಸಮುದ್ರದಾಚೆಯ ಯಾವುದೋ ಊರಿನ ಕಾರ್ಖಾನೆಯಲ್ಲಿ, ಧೂಳಿನ ಒಂದು ಕಣವೂ ಒಳಗೆ ಬರಬಾರದೆಂದು ಮೈತುಂಬ ಬಿಳಿ ಬಟ್ಟೆ ತೊಟ್ಟ ಹೆಣ್ಣುಮಕ್ಕಳ ಕೈಯಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯೊಳಗೆ ಕನ್ನಡಿಯಂತೆ ಹೊಳೆಯುವ ಎರಡು ತಟ್ಟೆಗಳಿವೆ. ಅವು ಕಣ್ಣಿಗೆ ನಿಲುಕದ ವೇಗದಲ್ಲಿ ತಿರುಗುತ್ತವೆ. ಅವುಗಳ ಮೇಲೆ ಒಂದು ಮುಳ್ಳು, ತಟ್ಟೆಗೆ ತಾಗದೆ, ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ತೇಲುತ್ತ ಬರೆಯುತ್ತದೆ, ಓದುತ್ತದೆ. ಮುಳ್ಳು ತಟ್ಟೆಗೆ ತಾಗಿತೋ, ಅಲ್ಲಿ ಬರೆದದ್ದು ಹೋಯಿತೆಂದೇ ಲೆಕ್ಕ. ಅದಕ್ಕೇ ನನ್ನನ್ನು ಮಾಡಿದವರು ನನ್ನ ಅಡಿಯಲ್ಲಿ ನಾಲ್ಕು ತೂತು ಕೊರೆದು, ಸ್ಕ್ರೂ ಕಚ್ಚುವಂತೆ ಒಳಗೆ ಎಳೆ ತೆಗೆದು ಕಳಿಸಿದರು. ಎಲ್ಲಿಟ್ಟರೂ ನನ್ನನ್ನು ಅಲುಗದಂತೆ ಬಿಗಿದಿಡಬೇಕು ಎಂಬುದು ಅದರ ಅರ್ಥ. ಸ್ಕ್ರೂಗಳನ್ನು ಮಾತ್ರ ನನ್ನ ಜೊತೆ ಕಳಿಸಲಿಲ್ಲ.

ಗಂಗಾವತಿಯ ಅಂಗಡಿಯೊಂದರಿಂದ ನನ್ನನ್ನು ಕೊಂಡವನು ಪಂಪಣ್ಣ. ಕಾರಟಗಿ ಕಡೆಯವನು. ಮೊದಲು ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಊರೂರಲ್ಲಿ ಸಿಸಿ ಕ್ಯಾಮೆರಾ ಬಂದ ಮೇಲೆ ಅದನ್ನು ಕಲಿತ. ಬೈಕಿನ ಪಕ್ಕಕ್ಕೆ ಏಣಿ ಕಟ್ಟಿಕೊಂಡು ತಿರುಗುವ ಅವನನ್ನು ಎಲ್ಲರೂ ಕ್ಯಾಮೆರಾ ಪಂಪಣ್ಣ ಎನ್ನುತ್ತಿದ್ದರು. ನನ್ನನ್ನು ಮುಟ್ಟುವ ಮೊದಲು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡ. ಒಳ್ಳೆಯವನ ಕೈಗೆ ಬಿದ್ದೆ ಅಂದುಕೊಂಡೆ. ಒಳ್ಳೆಯವನೇ ಆಗಿದ್ದ.

ಮೂರು ವರ್ಷ ಗಂಗಾವತಿಯ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಕ್ಯಾಮೆರಾಗಳ ಚಿತ್ರ ಬರೆದಿಡುವ ಹೊಸ ಪೆಟ್ಟಿಗೆಯ ಜೊತೆ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಬಂದಿತ್ತು. ಅದರಲ್ಲಿ ನಾಲ್ಕು ಸ್ಕ್ರೂ, ನಾಲ್ಕು ರಬ್ಬರ್ ಬಳೆ. ಪಂಪಣ್ಣ ನನ್ನನ್ನು ಬಿಗಿದು ಕೂಡಿಸಿದ. ಸೀರೆ ಮಡಚುವವರನ್ನು, ಆಕಳಿಸುವವರನ್ನು, ಕನ್ನಡಿಯ ಮುಂದೆ ಸೆರಗು ಹೊದ್ದು ನೋಡಿ ಕೊಳ್ಳದೇ ಹೋಗುವವರನ್ನು ಬರೆಯುತ್ತ ಅಲ್ಲಿ ನೆಮ್ಮದಿಯಾಗಿ ಕಾಲ ಕಳೆದೆ. ಆಮೇಲೆ ಅಂಗಡಿ ದೊಡ್ಡದಾಯಿತು, ಹೊಸ ವ್ಯವಸ್ಥೆ ಬಂತು. ಪಂಪಣ್ಣ ನನ್ನನ್ನು ಬಿಚ್ಚಿಕೊಂಡ. ಸ್ಕ್ರೂಗಳನ್ನು ಹಳೆಯ ಪೆಟ್ಟಿಗೆಯಲ್ಲೇ ಬಿಟ್ಟ. ಪೆಟ್ಟಿಗೆ ಗುಜರಿಗೆ ಹೋಯಿತು.

ಅಲ್ಲಿಂದ ನಾನು ಹೋದದ್ದು ಕಾರಟಗಿ ಸೀಮೆಯ ಒಂದು ರೈಸ್ ಮಿಲ್ಲಿಗೆ. ಸುಗ್ಗಿಯ ದಿನಗಳು. ಹೊರಗೆ ಭತ್ತದ ಲಾರಿಗಳ ಸಾಲು. ಮಿಲ್ಲಿನ ಕ್ಯಾಮೆರಾದ ಡಿಸ್ಕು ಕೆಟ್ಟು ನಾಲ್ಕು ದಿನವಾಗಿತ್ತು. ಸೂಪರ್‌ವೈಸರ್ ಅಮರೇಶಪ್ಪ ಬಾಗಿಲಲ್ಲೇ ನಿಂತಿದ್ದ.

"ಇವತ್ತ ಚಾಲೂ ಆಗ್ಬೇಕ್ ನೋಡು ಪಂಪಣ್ಣ. ಮಾಲೀಕ್ರು ಫೋನ್ ಮ್ಯಾಲ ಫೋನ್ ಹಚ್ಯಾರ."

ಪಂಪಣ್ಣ ಕೆಟ್ಟ ಡಿಸ್ಕನ್ನು ತೆಗೆಯಲು ಪೆಟ್ಟಿಗೆ ಬಿಚ್ಚಿದ. ಅದನ್ನು ಹಿಂದೆ ಯಾರೋ ಬರೀ ತಂತಿ ಸುತ್ತಿ ಕಟ್ಟಿದ್ದರು. ಅಲ್ಲಿಯೂ ಸ್ಕ್ರೂ ಇರಲಿಲ್ಲ. ತನ್ನ ತಗಡಿನ ಡಬ್ಬಿಯನ್ನು ನೆಲಕ್ಕೆ ಸುರುವಿದ. ಹಳೆಯ ಸಿಡಿ ಡ್ರೈವಿನಿಂದ ತೆಗೆದ ಸ್ಕ್ರೂಗಳಿದ್ದವು. ತೂತಿಗೆ ಇಟ್ಟು ತಿರುಗಿಸಿದರೆ ಕಚ್ಚಲೇ ಇಲ್ಲ, ಸುಮ್ಮನೆ ಸುತ್ತಿದವು. ತೆಳ್ಳಗಾದವು. ಬೈಕು ಹತ್ತಿ ಊರೊಳಗಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಂದ. ಅಲ್ಲಿ ಸಿಕ್ಕವುಗಳ ದಪ್ಪ ಸರಿಯಾಗಿತ್ತು, ಉದ್ದ ಹೆಚ್ಚು. ಒಂದನ್ನು ಅರ್ಧ ತಿರುಗಿಸಿ ಕೈ ಬಿಟ್ಟ. ಇನ್ನೊಂದು ಸುತ್ತು ಹಾಕಿದ್ದರೆ ಅದರ ಮೊನೆ ನನ್ನ ಹೊಟ್ಟೆಯನ್ನೇ ಒತ್ತುತ್ತಿತ್ತು. ಅಷ್ಟು ಅವನಿಗೆ ಗೊತ್ತಿತ್ತು. ನನ್ನನ್ನು ಕೊಂಡ ಗಂಗಾವತಿಯ ಅಂಗಡಿಗೆ ಫೋನು ಮಾಡಿದ. ಆ ಕಡೆಯವನು ನಕ್ಕ: "ಡಬ್ಬಿ ಜೋಡಿ ಬಂದಿರ್ತಾವಲ್ಲೊ. ಯಾರ್ ಕಾಯ್ದ್ ಇಡ್ತಾರ ಅವನ್ನ? ಕಸದಾಗ ಹೋಗ್ತಾವ."

ಅಮರೇಶಪ್ಪ ಎರಡು ಸಲ ಬಂದು ಹೋದ. ಪಂಪಣ್ಣ ಕಡೆಗೆ ಎರಡು ತೆಳ್ಳನೆಯ ಸ್ಕ್ರೂಗಳಿಗೆ ನೂಲು ಸುತ್ತಿ ತುರುಕಿದ. ಉಳಿದೆರಡು ತೂತುಗಳನ್ನು ಬಿಟ್ಟು, ನನ್ನ ಮೈಗೆ ಎರಡೂ ಬದಿ ಅಂಟುವ ಟೇಪು ಹಚ್ಚಿದ. "ನಾಳೆ ಬಂದು ಸರಿ ಮಾಡ್ತೀನಿ" ಅಂದ. ಅದನ್ನು ಅಮರೇಶಪ್ಪನಿಗೆ ಹೇಳಿದನೋ, ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ನನ್ನ ಕೋಣೆಯ ಗೋಡೆಯಾಚೆಗೇ ಭತ್ತ ಮೇಲೆತ್ತುವ ಎಲಿವೇಟರು. ಅದು ಶುರುವಾದರೆ ನೆಲ ನಡುಗುತ್ತಿತ್ತು, ಮೇಜು ನಡುಗುತ್ತಿತ್ತು, ನಾನು ನಡುಗುತ್ತಿದ್ದೆ. ಬಿಗಿಯಾಗಿ ಕೂತಿದ್ದರೆ ಪೆಟ್ಟಿಗೆಯ ಜೊತೆ ಒಂದಾಗಿ ಅಲುಗುತ್ತಿದ್ದೆ, ಅದನ್ನು ತಡೆದುಕೊಳ್ಳಬಹುದು. ಸಡಿಲವಾಗಿ ಕೂತವನಿಗೆ ಪ್ರತಿ ನಡುಕವೂ ಒಂದು ಏಟು. ತಿಂಗಳು ಕಳೆಯುವುದರೊಳಗೆ ನೂಲು ಸವೆಯಿತು. ಟೇಪಿನ ಅಂಟು ಬಿಸಿಗೆ ಕರಗಿತು.

ಆ ಕೋಣೆಯ ಕಸ ಗುಡಿಸಲು ದುರುಗಮ್ಮ ಬರುತ್ತಿದ್ದಳು. ನಲವತ್ತು ದಾಟಿದ ಹೆಂಗಸು. ಅಂಗಳದಲ್ಲಿ ಭತ್ತ ಹರವುವುದು, ಹೊಟ್ಟು ಬಳಿಯುವುದು, ಎಲ್ಲ ಮಾಡುತ್ತಿದ್ದಳು. ಅವಳ ತಮ್ಮ ಯಂಕೋಬ ಅದೇ ಮಿಲ್ಲಿನಲ್ಲಿ ಹಮಾಲ. ಅವನನ್ನು ಅಲ್ಲಿಗೆ ಕರೆತಂದು, ಅಮರೇಶಪ್ಪನ ಮುಂದೆ ನಿಲ್ಲಿಸಿ, ಕೆಲಸಕ್ಕೆ ಹಚ್ಚಿದವಳು ಅವಳೇ. ನನ್ನ ಸದ್ದನ್ನು ಮೊದಲು ಕೇಳಿಸಿಕೊಂಡವಳೂ ಅವಳೇ. ಒಂದು ದಿನ ಪಂಪಣ್ಣ ಬೇರೊಂದು ಕ್ಯಾಮೆರಾದ ಕೆಲಸಕ್ಕೆ ಬಂದಾಗ ಪೊರಕೆ ಹಿಡಿದುಕೊಂಡೇ ಹೇಳಿದಳು.

"ತಮ್ಮಾ, ನಿನ್ನ ಡಬ್ಬಿ ಒಳಗ ಏನೋ ಕಟಕಟ ಅಂತೈತಿ."

"ಹೌದಕ್ಕಾ, ಗೊತ್ತೈತಿ. ಸ್ಕ್ರೂ ಸಿಗವಲ್ವು. ತರಿಸೀನಿ."

ತರಿಸಿರಲಿಲ್ಲ. ಗಂಗಾವತಿಗೆ ಹೋದಾಗೊಮ್ಮೆ ಕೇಳಿದ್ದ, ಸಿಂಧನೂರಿನಲ್ಲಿ ಒಮ್ಮೆ ಕೇಳಿದ್ದ, ಆಮೇಲೆ ಕೇಳುವುದನ್ನು ಬಿಟ್ಟಿದ್ದ. ಚಿತ್ರ ಬರುತ್ತಿತ್ತಲ್ಲ. ಚಿತ್ರ ಬರುವವರೆಗೆ ಯಾರೂ ಪೆಟ್ಟಿಗೆ ಬಿಚ್ಚುವುದಿಲ್ಲ.

ಹದಿಮೂರನೆಯ ತಿಂಗಳು, ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಮಿಲ್ಲಿನ ಹಿಂದೆ ಭತ್ತ ತುಂಬುವ ಎತ್ತರದ ತಗಡಿನ ಟ್ಯಾಂಕಿತ್ತು. ಹಸಿ ಭತ್ತ ಒಳಗೇ ಹೆಪ್ಪುಗಟ್ಟಿ ಕೆಳಗೆ ಇಳಿಯುತ್ತಿರಲಿಲ್ಲ. ಹೀಗಾದಾಗ ಮೇಲಿನಿಂದ ಗಳ ಹಾಕಿ ತಿವಿಯಬೇಕು. ಒಳಗೆ ಇಳಿಯಬಾರದು, ಮೇಲೆ ಗಟ್ಟಿ ಪದರು, ಅದರಡಿ ಪೊಳ್ಳು. ಕಾಲಿಟ್ಟವನನ್ನು ಭತ್ತ ನುಂಗುತ್ತದೆ, ಅಡಿಯಲ್ಲಿ ಭತ್ತ ಸಾಗಿಸುವ ಕನ್ವೇಯರು ಓಡುತ್ತಿದ್ದರಂತೂ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಟ್ಯಾಂಕಿನ ಮುಂದಿನ ಕ್ಯಾಮೆರಾ ನನಗೆ ತೋರಿಸಿದ್ದು ಇಷ್ಟು: ಯಂಕೋಬ ಸಲಿಕೆ ಹೆಗಲಿಗಿಟ್ಟು ಬರುತ್ತಾನೆ. ಗೋಡೆಯ ಕಬ್ಬಿಣದ ಏಣಿ ಹತ್ತುತ್ತಾನೆ. ಒಂಬತ್ತನೆಯ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡುತ್ತಾನೆ. ಕೆಳಗೆ, ಕನ್ವೇಯರಿನ ಮೋಟರು ಚಾಲೂ ಮಾಡುವ ಗುಂಡಿಗಳ ಪೆಟ್ಟಿಗೆಯ ಪಕ್ಕ, ಅಮರೇಶಪ್ಪ ನಿಂತಿದ್ದಾನೆ. ಅವನ ಬಲಗೈ ಮೇಲೇಳುತ್ತದೆ.

ಆಗ ಎಲಿವೇಟರಿನ ಬೆಲ್ಟು ಜಗ್ಗಿತು. ಕೋಣೆ ಒಮ್ಮೆಲೇ ಅದುರಿತು. ನೂಲು ಸುತ್ತಿದ ಸ್ಕ್ರೂ ಕಳಚಿತು, ಟೇಪು ಬಿಟ್ಟಿತು, ನಾನು ಪೆಟ್ಟಿಗೆಯ ತಳಕ್ಕೆ ಬಿದ್ದೆ. ಮುಳ್ಳು ತಟ್ಟೆಗೆ ತಾಗಿತು.

ಮತ್ತೆ ಬರೆಯಲು ಬಂದಾಗ ಹನ್ನೊಂದು ನಿಮಿಷ ಕಳೆದಿತ್ತು. ಚಿತ್ರದಲ್ಲಿ ಜನ ಓಡುತ್ತಿದ್ದರು. ಯಾರೋ ಟ್ಯಾಂಕಿನ ತಗಡನ್ನು ಗ್ಯಾಸ್ ಕಟರಿನಿಂದ ಕೊಯ್ಯಲು ಹೊರಟಿದ್ದರು. ದುರುಗಮ್ಮ ಟ್ಯಾಂಕಿನ ಕೆಳಬಾಯಿಯಲ್ಲಿ ಬರಿಗೈಯಿಂದ ಭತ್ತ ಬಗೆಯುತ್ತಿದ್ದಳು. ಅವಳನ್ನು ಇಬ್ಬರು ಹಿಡಿದೆಳೆದರು. ಒಂದು ಗಂಟೆಯ ಮೇಲೆ ಯಂಕೋಬನನ್ನು ಹೊರಗೆ ತೆಗೆದರು. ಮೂಗು ಬಾಯಿಯಲ್ಲೆಲ್ಲ ಭತ್ತ ತುಂಬಿತ್ತು. ಅದನ್ನೆಲ್ಲ ನಾನು ಚೆನ್ನಾಗಿಯೇ ಬರೆದೆ.

ಮರುದಿನ ಬೆಳಿಗ್ಗೆ ಠಾಣೆಯಿಂದ ಹವಾಲ್ದಾರರು ಬಂದರು. ಪೆಟ್ಟಿಗೆ ಬಿಚ್ಚಲು ಪಂಪಣ್ಣನನ್ನು ಕರೆಸಿದರು. ಅವನು ಮುಚ್ಚಳ ತೆಗೆದ. ನಾನು ಓರೆಯಾಗಿ ಬಿದ್ದಿದ್ದೆ. ಪಕ್ಕದಲ್ಲಿ ನೂಲಿನ ಎಳೆ ಹೊತ್ತ ಆ ತೆಳ್ಳನೆಯ ಸ್ಕ್ರೂ. ಹವಾಲ್ದಾರರು ಫೋನು ಬಂತೆಂದು ಹೊರಗೆ ಹೋದರು. ಅಮರೇಶಪ್ಪ ಹತ್ತಿರ ಬಂದ. ಒಂದೇ ದಿನದಲ್ಲಿ ಮುಖ ಇಳಿದುಹೋಗಿತ್ತು.

"ಕ್ಯಾಮೆರಾ ಬಂದ್ ಆಗಿದ್ವು ಅಂತ ಬರೆದು ಕೊಡು ಪಂಪಣ್ಣ. ರಿಪೇರಿಗೆ ಬಿಚ್ಚಿದ್ದೆ ಅನ್ನು. ನಿನ್ನ ಕೆಲಸದ ಬಗ್ಗೆನೂ ಯಾರೂ ಕೇಳಂಗಿಲ್ಲ."

ಪಂಪಣ್ಣ ಅವನ ಮುಖ ನೋಡಲಿಲ್ಲ.

"ನಾ ಬ್ಯಾಡ ಅಂತ ಕೈ ಮಾಡಿದ್ನೊ. ಇಳಿಬ್ಯಾಡ, ಗಳದಿಂದ ತಿವಿ ಅಂದೆ. ಕೇಳ್ಲಿಲ್ಲ ಅಂವ. ಆದ್ರ ಯಾರ್ ನಂಬ್ತಾರ?"

ಹಾಗಾದರೆ ಕನ್ವೇಯರಿನ ಮೋಟರು ಹೇಗೆ ಚಾಲೂ ಆಯಿತು ಎಂದು ಪಂಪಣ್ಣ ಕೇಳಿದ. ಅಮರೇಶಪ್ಪ ಹವಾಲ್ದಾರರ ಹೆಜ್ಜೆ ಕೇಳಿ ಬಾಗಿಲಿನತ್ತ ಸರಿದ.

ಊರಿನಲ್ಲಿ ಆಗಲೇ ಎರಡು ಮಾತು ಎದ್ದಿದ್ದವು. ಹೇಳಿದರೂ ಕೇಳದೆ ಇಳಿದ ಎಂದು ಮಿಲ್ಲಿನವರು. ಅವನಾಗಿ ಇಳಿಯುವವನಲ್ಲ, ಇಳಿಸಿ ಮೋಟರು ಹಾಕಿದರು ಎಂದು ದುರುಗಮ್ಮ. ಎರಡಕ್ಕೂ ಸಾಕ್ಷಿ ನಾನೊಬ್ಬನೇ.

ಠಾಣೆಯ ಕಂಪ್ಯೂಟರು ನನ್ನನ್ನು ಓದಲಿಲ್ಲ. ಹವಾಲ್ದಾರರು ಪಂಪಣ್ಣನನ್ನೂ ನನ್ನನ್ನೂ ಕರೆದುಕೊಂಡು ಬಳ್ಳಾರಿಗೆ ಹೋದರು. ಅಲ್ಲಿ ನಬೀಸಾಬ್ ಎಂಬ ಮುದುಕರಿದ್ದರು. ರೇಡಿಯೊ ರಿಪೇರಿಯಿಂದ ಶುರು ಮಾಡಿ, ಈಗ ಸತ್ತ ಡಿಸ್ಕುಗಳಿಂದ ಉಳಿದದ್ದನ್ನು ತೆಗೆದುಕೊಡುತ್ತಿದ್ದರು. ನನ್ನನ್ನು ಕಿವಿಗೆ ಹಿಡಿದು ಕೇಳಿದರು. ಅಡಿ ತಿರುಗಿಸಿ ಖಾಲಿ ತೂತುಗಳನ್ನು ನೋಡಿದರು.

"ಇದನ್ನ ಹಚ್ಚಿದವ್ರು ಯಾರ್ರಿ?"

"ನಾನ ರೀ," ಅಂದ ಪಂಪಣ್ಣ.

ಮುದುಕರು ಗಾಜಿನ ಭರಣಿಯೊಂದನ್ನು ತೆಗೆದು ಕಾಗದದ ಮೇಲೆ ಸುರುವಿ, ಒಂದೊಂದೇ ಸ್ಕ್ರೂವನ್ನು ಉಗುರಿನಿಂದ ಗೀರಿ ಎಳೆ ನೋಡುತ್ತ ಹೋದರು. ಓದುವಾಗ ಅಲುಗಬಾರದು, ಅಲುಗಿದರೆ ಉಳಿದದ್ದೂ ಹೋಗುತ್ತದೆ ಎಂದರು. ನಾಲ್ಕು ಸಿಕ್ಕವು. ದಪ್ಪವೂ ಸರಿ, ಉದ್ದವೂ ಸರಿ. ನನ್ನನ್ನು ಒಂದು ಭಾರದ ಕಬ್ಬಿಣದ ಹಲಗೆಗೆ ಕೂಡಿಸಿ, ರಬ್ಬರು ಕೊಟ್ಟು ಬಿಗಿದರು. ಪಂಪಣ್ಣ ಆ ನಾಲ್ಕನ್ನೂ ನೋಡುತ್ತಲೇ ಇದ್ದ. ಇಡೀ ಮೈ ನಿಶ್ಚಲವಾಯಿತು. ಸತ್ತವನಿಗೆ ಕಡೆಗೆ ಒಂದು ಚೊಕ್ಕ ಹಾಸಿಗೆ ಹಾಕಿದಂತೆ.

ಎರಡು ದಿನ ಓದಿದರು. ಏಣಿಯವರೆಗೆ ಬಂತು. ಓಡುವ ಜನರಿಂದ ಮುಂದೆ ಬಂತು. ನಡುವಿನದು ಬರಲಿಲ್ಲ.

"ಅಲ್ಲಿ ಬರವಣಿಗಿ ಅಳಿಸಿಲ್ಲಪ್ಪ," ಎಂದರು ನಬೀಸಾಬ್, "ಹಾಳೀನ ಹರಿದೈತಿ."

ತೆಗೆದ ಚಿತ್ರವನ್ನು ಠಾಣೆಯಲ್ಲಿ ದುರುಗಮ್ಮನಿಗೆ ತೋರಿಸಿದರು. ನಾನು ಆ ಮೇಜಿನ ಮೇಲೇ ಇದ್ದೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ತಮ್ಮ ಬಂದ. ಹತ್ತಿದ. ಅವಳ ತುಟಿ ಮೆಟ್ಟಿಲು ಎಣಿಸುತ್ತಿತ್ತು. ಒಂಬತ್ತಕ್ಕೆ ಪರದೆ ಕಪ್ಪಾಯಿತು.

"ಮುಂದ?"

ಹವಾಲ್ದಾರರು ಪಂಪಣ್ಣನ ಕಡೆ ನೋಡಿದರು.

"ಮುಂದ ತೋರ್ಸು ತಮ್ಮಾ."

"ಮುಂದ ಇಲ್ಲಕ್ಕಾ." ಪಂಪಣ್ಣ ಗೋಡೆಗೆ ಒರಗಿ ನಿಂತಿದ್ದ. "ಅದನ್ನ ಬಿಗಿಯಾಗಿ ಕೂಡ್ಸಿರ್ಲಿಲ್ಲ ನಾನು. ನಾಕು ಸ್ಕ್ರೂ ಸಿಗ್ಲಿಲ್ಲ ಅಂತ ಟೇಪ್ ಹಚ್ಚಿದ್ದೆ. ಬಿದ್ದು ಹಾಳಾತು. ತಪ್ಪು ನಂದು."

ದುರುಗಮ್ಮ ಅವನತ್ತ ತಿರುಗಿದಳು. ಅವಳ ದನಿ ಏರಲಿಲ್ಲ.

"ನಾ ಹೇಳಿದ್ನಲ್ಲ ತಮ್ಮಾ. ಕಟಕಟ ಅಂತೈತಿ ಅಂತ ಹೇಳಿದ್ನಲ್ಲ."

ಅಷ್ಟೇ ಅಂದಳು. ಸೆರಗು ಹೊದ್ದುಕೊಂಡು ಹೊರಗೆ ಹೋದಳು. ಪಂಪಣ್ಣ ಕೂತು ತನ್ನ ಹೇಳಿಕೆ ಬರೆದ: ಕ್ಯಾಮೆರಾ ಚಾಲೂ ಇತ್ತು, ಡಿಸ್ಕನ್ನು ಸರಿಯಾಗಿ ಬಿಗಿಯದೇ ಇದ್ದದ್ದು ತಾನು, ಬಂದ್ ಇತ್ತೆಂದು ಬರೆಯಲು ತನಗೆ ಹೇಳಲಾಗಿತ್ತು. 

ಆ ಹೇಳಿಕೆಯಿಂದ ಬಹಳವೇನೂ ಆಗಲಿಲ್ಲ. ಹೆದರಿದವನೆಲ್ಲ ಕೊಂದವನಲ್ಲ ಎಂದು ಅಮರೇಶಪ್ಪನ ವಕೀಲರು ವಾದಿಸಿದರಂತೆ. ಅದೂ ನಿಜವೇ. ವಿಚಾರಣೆ ನಾಲ್ಕು ವರ್ಷ ನಡೆಯಿತು. ಸಾಕ್ಷ್ಯ ಸಾಲದು ಎಂದು ಅಮರೇಶಪ್ಪನನ್ನು ಬಿಟ್ಟರು. ಅವನು ಆ ಮಿಲ್ಲಿಗೆ ಮರಳಲಿಲ್ಲ. ಪಂಪಣ್ಣನಿಗೆ ಆ ಸೀಮೆಯ ಯಾವ ಮಿಲ್ಲೂ ಕೆಲಸ ಕೊಡಲಿಲ್ಲ. ಕೊಟ್ಟಿದ್ದರೂ ಅವನು ಮಾಡುತ್ತಿರಲಿಲ್ಲ. ಕ್ಯಾಮೆರಾ ಬಿಟ್ಟ, ಏಣಿ ಮಾರಿದ, ಈಗ ಯಾರದೋ ಹೊಲಗಳ ಪಂಪ್‌ಸೆಟ್ಟು ನೋಡಿಕೊಂಡಿದ್ದಾನೆ ಎಂದು ಹವಾಲ್ದಾರರು ಯಾರಿಗೋ ಹೇಳುತ್ತಿದ್ದರು.

ನಾನೀಗ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ವಶಪಡಿಸಿಕೊಂಡ ಸಾಮಾನುಗಳನ್ನಿಡುವ ಜಾಗ. ಬಿಳಿ ಬಟ್ಟೆಯ ಗಂಟು, ಮೇಲೆ ಅರಗಿನ ಮೊಹರು, ಕೊರಳಿಗೊಂದು ನಂಬರು. ಪಕ್ಕದಲ್ಲಿ ಒಂದು ಕೊಡಲಿ, ಇಸ್ಪೀಟಿನ ಕಟ್ಟು, ಚಕ್ರವಿಲ್ಲದ ಸೈಕಲ್ಲು. ವಿದ್ಯುತ್ತು ಇಲ್ಲ, ತಿರುಗುವುದಿಲ್ಲ. ಯಾವುದೋ ದಿನ ನಾಶಪಡಿಸಲು ಆದೇಶ ಬರುತ್ತದಂತೆ.

ಹೋದ ಚಳಿಗಾಲದಲ್ಲಿ ದುರುಗಮ್ಮ ಬಂದಿದ್ದಳು. ತಮ್ಮನ ಚಪ್ಪಲಿ, ಟವೆಲು ಬಿಡಿಸಿಕೊಂಡು ಹೋಗಲು. ಹೆಬ್ಬೆಟ್ಟು ಒತ್ತಿ ಅವನ್ನು ಚೀಲಕ್ಕಿಟ್ಟುಕೊಂಡಳು. ಹೊರಡುವಾಗ ನನ್ನ ಗಂಟಿನ ಮೇಲೆ ಕಣ್ಣು ಬಿತ್ತು.

"ಅದ ಏನ್ರಿ, ಆ ಡಬ್ಬಿ?"

"ಹೌದವ್ವಾ."

"ಅದಕ್ಕ ಗೊತ್ತಿರ್ತೈತಲ್ರಿ. ನೋಡಿರ್ತೈತಿ. ಹೇಳಾಕ ಬರಂಗಿಲ್ಲ, ಅಷ್ಟ."

ಹವಾಲ್ದಾರರು ಹೂಂಗುಟ್ಟಿದರು. ಅವಳ ಸಮಾಧಾನಕ್ಕೆ ಅಷ್ಟು ಸಾಕು ಎಂದುಕೊಂಡಿರಬೇಕು. ಅವಳು ಅರಗಿನ ಮೊಹರನ್ನು ಒಮ್ಮೆ ಬೆರಳಿನಿಂದ ಮುಟ್ಟಿ ಹೋದಳು.

ಅವಳಿಗೆ ನಿಜ ಹೇಳುವವರು ಯಾರೂ ಇಲ್ಲ. ನಿಜವೆಂದರೆ, ನನಗೂ ಗೊತ್ತಿಲ್ಲ. ಆ ಕೈ ಬೇಡವೆಂದು ಎದ್ದಿತೋ, ಇಳಿ ಎಂದು ಎದ್ದಿತೋ, ಆಮೇಲೆ ಅದು ಮೋಟರಿನ ಗುಂಡಿಯ ಕಡೆ ಹೋಯಿತೋ, ನಾನು ಬಚ್ಚಿಟ್ಟುಕೊಂಡಿಲ್ಲ. ನನ್ನೊಳಗೆ ಆ ಜಾಗದಲ್ಲಿ ಒಂದು ಗೀರು ಇದೆ. ಗೀರಿನ ಈಚೆ ದಡದಲ್ಲಿ ಒಬ್ಬ ಮನುಷ್ಯ ಒಂಬತ್ತನೆಯ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದಾನೆ. ಆಚೆ ದಡದಲ್ಲಿ ಅವನಿಲ್ಲ.